ಒಂದು ಮೊರ ತೌಡು

ನನ್ನ ಹೆಸರು ತಿಪ್ಪಯ್ಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ತಡವಾಗಿ ಹೇಳಿದರೆ ಜನ ಟವಲು ಬಾಯಿಗೆ ಅಡ್ಡ ಹಿಡಿದು ನಗುತ್ತಾರೆ, ಮೊದಲೇ ಹೇಳಿದರೆ ಬಾಯಿ ಬಿಟ್ಟು ನಗುತ್ತಾರೆ. ಬಾಯಿ ಬಿಟ್ಟು ನಗುವವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ದೊಡ್ಡಬಳ್ಳಾಪುರದ ರೈಲು ಸ್ಟೇಷನ್ನಿನ ಮುಂದೆ ಜಟಕಾ ಹೊಡೆಯುವುದು ನನ್ನ ಕಸುಬು. ಕುದುರೆಯ ಹೆಸರು ಮನ್ಮಥ. ಅದರ ಪಕ್ಕೆಲುಬು ದೂರದಿಂದಲೇ ಕಾಣುತ್ತದೆ, ಒಂದು ಕಿವಿ ಅರ್ಧ ಇಲ್ಲ, ಆದರೂ ಅದು ಮನ್ಮಥ. ಹಿಂದಿನ ಯಜಮಾನ ಇಟ್ಟ ಹೆಸರು, ನಾನು ಬದಲಾಯಿಸಲಿಲ್ಲ. "ಮನ್ಮಥನ ಹಿಂದೆ ತಿಪ್ಪೆ ಕೂತ್ಕೊಂಡು ಹೋಗ್ತಾ ಐತೆ ನೋಡ್ರಪ್ಪೋ" ಎಂದು ಸ್ಟ್ಯಾಂಡಿನವರು ಕೂಗಿದರೆ ನಾನೂ ಚಾವಟಿ ಎತ್ತಿ ಸಲಾಮು ಹೊಡೆಯುತ್ತೇನೆ. ಹೊಡೆಯದಿದ್ದರೆ ಇನ್ನೂ ಜೋರಾಗಿ ಕೂಗುತ್ತಾರೆ.

ಹೆಸರು ಬಂದದ್ದು ಹೀಗೆ. ನನಗಿಂತ ಮುಂಚೆ ನಮ್ಮವ್ವ ಅಮ್ಮಯಮ್ಮನಿಗೆ ಹುಟ್ಟಿದ ಮಕ್ಕಳು ಒಂದೂ ಉಳಿಯಲಿಲ್ಲ. ಹಾಗಾಗಿ ನಾನು ಹುಟ್ಟಿದ ಕೂಡಲೇ ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟು ಬಂದರು. ಈ ಕೂಸು ನಮಗೆ ಬೇಡ, ಕಸದ ಜೊತೆ ಎಸೆದಿದ್ದೇವೆ ಎಂದು ಯಮನಿಗೂ ಮಾಟಗಾತಿಯರಿಗೂ ತೋರಿಸುವ ಉಪಾಯ ಅದು. ಹೆತ್ತ ಮಕ್ಕಳೆಲ್ಲ ಬದುಕಿರುವ ಒಬ್ಬ ತಾಯಿ ಆ ದಾರಿಯಲ್ಲಿ ಬಂದು, ಕೂಸನ್ನು ಎತ್ತಿಕೊಂಡು, ಒಂದು ಮೊರ ತೌಡು ಕೊಟ್ಟು ಕೊಂಡುಕೊಳ್ಳುತ್ತಾಳೆ. ಕೇಳಿದರೆ ಮೂಗು ಮುಚ್ಚಿಕೊಳ್ಳುವಂಥ ಹೆಸರೊಂದನ್ನು ಇಡುತ್ತಾಳೆ. ಆಮೇಲೆ "ನನ್ನ ಕೂಸನ್ನ ನೀನು ಸಾಕಿಕೊಡು" ಎಂದು ಹೆತ್ತವಳ ಮಡಿಲಿಗೇ ವಾಪಸು ಹಾಕುತ್ತಾಳೆ. ಅಂದು ನನಗೆ ಕಟ್ಟಿದ ಬೆಲೆಗಿಂತ ಜಾಸ್ತಿ ತೌಡನ್ನು ಮನ್ಮಥ ಇವತ್ತು ಒಂದು ಹೊತ್ತಿಗೆ ತಿನ್ನುತ್ತದೆ.

ಬದುಕಿದೆ, ನಿಜ. ಆದರೆ ಹೆಣ್ಣು ನೋಡಲು ಹೋದಾಗಲೆಲ್ಲ ಹುಡುಗನ ಹೆಸರು ಕೇಳಿದ ಕೂಡಲೇ ಒಳಗಿನ ಕೋಣೆಯಿಂದ ಕಿಸಕ್ ಎಂದು ನಗು ಕೇಳಿಸುತ್ತಿತ್ತು. ಕುಂದಾಣದ ಭಾಗ್ಯಮ್ಮ ಒಬ್ಬಳು ನಗಲಿಲ್ಲ. ಇವಳು ಎಷ್ಟು ಒಳ್ಳೆಯವಳು ಎಂದುಕೊಂಡು ಮದುವೆಯಾದೆ. ನಾಲ್ಕಾರು ತಿಂಗಳಾದ ಮೇಲೆ ಕೇಳಿದರೆ, "ನಂಗೆ ಅವತ್ತು ಹಲ್ಲುನೋವು, ನಗಕ್ಕಾಗ್ಲಿಲ್ಲ" ಎಂದಳು.

ಈಗ ಹೇಳಲಿರುವುದು ಯುದ್ಧ ಇನ್ನೂ ಮುಗಿಯದಿದ್ದಾಗಿನ ಮಾತು. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲೊಲೆ ಕಟ್ಟಿಕೊಂಡು ಕೆಮ್ಮುತ್ತ ಓಡಾಡುತ್ತಿದ್ದವು. ಏರು ಸಿಕ್ಕರೆ ನಿಂತೇಬಿಡುತ್ತಿದ್ದವು. ಅದರಿಂದ ನಮ್ಮ ಜಟಕಾದವರಿಗೆ ಮತ್ತೆ ಬೆಲೆ ಬಂದಿತ್ತು. ಸ್ಟ್ಯಾಂಡಿನಲ್ಲಿ ನನ್ನ ಪಕ್ಕದ ಗಾಡಿ ನಜೀಬುಲ್ಲಾನದು. ಸ್ಟ್ಯಾಂಡಿನಲ್ಲಿ ಮಾತ್ರವಲ್ಲ, ಮನೆಯೂ ಪಕ್ಕ ಪಕ್ಕವೇ. ಹಿತ್ತಲಿನಲ್ಲಿ ಕುದುರೆ ಲಾಯ ಇಬ್ಬರಿಗೂ ಸೇರಿ ಒಂದು, ಅದರಾಚೆಯ ತಿಪ್ಪೆಯೂ ಜಂಟಿ ಆಸ್ತಿ.

ರೈಲು ಬರುವ ತನಕ ನಮಗೆ ಹರಟೆಯೇ ಕೆಲಸ. ಮಾಕಳಿದುರ್ಗದ ಕಡೆಯಿಂದ ಬೈರಣ್ಣ ಎಂಬ ಮಂತ್ರವಾದಿ ಬಂದಿಳಿದರಂತೂ ಹಬ್ಬ. ಹಣೆಯ ತುಂಬ ಕುಂಕುಮ, ಬಗಲಲ್ಲಿ ನಿಂಬೆಹಣ್ಣಿನ ಗಂಟು, ಮುಖದಲ್ಲಿ ಏಳು ಊರಿನ ದೆವ್ವ ಓಡಿಸಿದ ಗತ್ತು. ಆದರೆ ಕತ್ತಲಾದ ಮೇಲೆ ರಾಜಘಟ್ಟದ ದಾರಿಯ ಹುಣಿಸೆಮರದ ಹತ್ತಿರ ಒಬ್ಬನೇ ನಡೆಯಲು ಹೆದರಿ ನನ್ನ ಜಟಕಾವನ್ನೇ ಕೇಳುತ್ತಿದ್ದ.

"ಏನ್ ಬೈರಣ್ಣೋರೆ, ಇವತ್ತು ಯಾವ ದೆವ್ವ?" ಎಂದೆ ಒಂದು ದಿನ.

"ರಾಜಘಟ್ಟದಾಗೆ ಒಂದು ಹೆಂಗ್ಸನ್ನ ಮೆಟ್ಕೊಂಡೈತೆ ಕಣಪ್ಪ. ಭಾರೀ ಗಟ್ಟಿ ದೆವ್ವ. ಹೆಸ್ರೂ ಹೇಳ್ತು, ಚಿನ್ನಮ್ಮ ಅಂತ."

"ನೋಡ್ರಪ್ಪ ಅನ್ಯಾಯ!" ಎಂದು ನಾನು ಎಲ್ಲರಿಗೂ ಕೇಳಿಸುವ ಹಾಗೆ ಕೂಗಿದೆ. "ಸತ್ತು ದೆವ್ವ ಆದೋಳಿಗೆ ಚಿನ್ನಮ್ಮ, ಬದ್ಕಿರೋ ಮನುಷ್ಯಂಗೆ ತಿಪ್ಪಯ್ಯ!"

ನಜೀಬುಲ್ಲಾ ಬೀಡಿ ಹೊಗೆ ಬಿಟ್ಟು ನಕ್ಕ. "ನಮ್ಮಲ್ಲೂ ಐತೆ ಕಣೋ. ನಮ್ ಚಿಕ್ಕಪ್ಪನ ಹೆಸ್ರು ಫಕೀರ. ಅಕ್ಕಿ ಮಂಡಿ ಇಟ್ಟ, ಎರಡಂತಸ್ತಿನ ಮನೆ ಕಟ್ಟಿಸ್ದ. ಆದ್ರೂ ಭಿಕ್ಷದೋರು ಬಾಗ್ಲಿಗೆ ಬಂದು ಫಕೀರ ಸಾಹೇಬ್ರೇ ಅಂತ ಕೂಗ್ತಾರೆ."

"ನಗ್ಬೇಡಿ ನೀವು," ಎಂದ ಬೈರಣ್ಣ. "ಹೆಸ್ರು ಚೆಂದಾಗಿದ್ರೆ ಮಾಟ ಮಾಡೋರ ಕಣ್ಣು ಬೀಳ್ತದೆ. ತಿಪ್ಪಯ್ಯ ಅನ್ನೋ ಹೆಸ್ರಿನ ಹತ್ರ ಯಾವ ಮಾಟಗಾತಿ ಬಂದಾಳು ಹೇಳು?"

"ಹೆಣ್ ಕೊಡೋರೂ ಬರ್ಲಿಲ್ಲ ಸ್ವಾಮಿ, ಸುಮಾರು ವರ್ಷ."

ಎಲ್ಲರೂ ನಕ್ಕರು. ನಗುತ್ತಲೇ ಬೈರಣ್ಣ, "ನಿಮ್ಮೂರಾಗೆ ಮಾಟ ಮಾಡೋರು ಯಾರೂ ಇಲ್ವಾ?" ಎಂದು ಕೇಳಿದ. ನಮ್ಮ ಪೈಕಿಯ ರಾಮಾಂಜಿನಪ್ಪ ಬಾಯಿ ತೆರೆದವನು ನಜೀಬುಲ್ಲಾನ ಕಡೆ ನೋಡಿ ಹಾಗೇ ಮುಚ್ಚಿಕೊಂಡ. ನಜೀಬುಲ್ಲಾ ಎದ್ದು ಹೋಗಿ, ಸರಿಯಾಗಿಯೇ ಇದ್ದ ಲಗಾಮನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದ. "ನಮ್ ಮನ್ಮಥನೇ ಮಾಟಗಾರ, ಹುರುಳಿ ಕಂಡ್ರೆ ಮಾಯ ಮಾಡ್ಬಿಡ್ತಾನೆ" ಎಂದು ನಾನು ಏನೋ ಒಂದು ಒದರಿದೆ. ಯಾರೂ ನಗಲಿಲ್ಲ.

ನಮ್ಮ ಬೀದಿಯಲ್ಲಿ ಎಲ್ಲರೂ ಮಾಟಗಾತಿ ಎನ್ನುತ್ತಿದ್ದದ್ದು ನಜೀಬುಲ್ಲಾನ ಹೆಂಡತಿ ಹಬೀಬುನ್ನೀಸಾಳನ್ನು. ಅವಳ ತಪ್ಪು ಇಷ್ಟೇ, ಮಕ್ಕಳಾಗಿರಲಿಲ್ಲ. ಮಕ್ಕಳಿಲ್ಲದವಳ ಕಣ್ಣು ಕೂಸುಗಳ ಮೇಲೆ ಬಿದ್ದರೆ ಬಾಡಿಹೋಗುತ್ತವೆ ಎಂದು ಹೆಂಗಸರ ಮಾತು. ಅವಳು ನಲ್ಲಿಗೆ ಬಂದರೆ ಬಾಣಂತಿಯರು ಸೆರಗು ಎಳೆದು ಮಗುವಿನ ಮುಖ ಮುಚ್ಚುತ್ತಿದ್ದರು. ಹಿಂದೂಗಳ ಮನೆಯವರು ಮಾತ್ರ ಅಲ್ಲ, ಅವರ ಜನವೂ ಅಷ್ಟೇ. ನಮ್ಮವ್ವನಂತೂ ಅವಳ ನೆರಳು ಕಂಡರೆ ನೆಲಕ್ಕೆ ಉಗುಳುವಳು.

ಅವ್ವನಿಗೆ ಕಾರಣ ಇತ್ತು. ನಮಗೆ ಎರಡು ಮಕ್ಕಳಾಗಿ ಎರಡೂ ಹೋಗಿದ್ದವು. ನನಗೆ ಸಿಗದ ಹೆಸರನ್ನೆಲ್ಲ ಮಕ್ಕಳಿಗೆ ಕೊಡಬೇಕು ಎಂಬ ಹಟ ನನ್ನದು. ಮೊದಲನೆಯವನಿಗೆ ರಾಜೇಂದ್ರ ಎಂದು ಹೆಸರಿಟ್ಟು ಸ್ಟ್ಯಾಂಡಿಗೆಲ್ಲ ಕಲ್ಲುಸಕ್ಕರೆ ಹಂಚಿದೆ. ತೆವಳಲು ಕಲಿಯುವ ಮೊದಲೇ ಹೋದ. ಎರಡನೆಯದು ಹೆಣ್ಣು, ಲೀಲಾವತಿ. ಅವಳು ನನ್ನ ಮುಖ ಗುರುತು ಹಿಡಿದು ನಗುತ್ತಿದ್ದಳು, ಚಾವಟಿಯ ಕುಚ್ಚು ಹಿಡಿದರೆ ಬಿಡುತ್ತಿರಲಿಲ್ಲ. ವಾಂತಿಭೇದಿಯ ವರ್ಷ ಅವಳನ್ನೂ ಮಣ್ಣು ಮಾಡಿ ಬಂದೆ. ಅವತ್ತಿನ ದುಃಖವನ್ನು ತಮಾಷೆ ಮಾಡಲು ನನಗೆ ಇವತ್ತಿಗೂ ಬರುವುದಿಲ್ಲ. ಅವಳನ್ನು ಹೂಳಲು ಗುಂಡಿ ತೋಡಿದವನು ನಜೀಬುಲ್ಲಾ. ನನ್ನ ಕೈ ಆಡುತ್ತಿರಲಿಲ್ಲ.

ಮೂರನೆಯದೂ ಹೆಣ್ಣೇ ಹುಟ್ಟಿತು. ಹುಟ್ಟಿದ ದಿನವೇ ಅವ್ವ ಹೇಳಿದಳು: "ಈ ಸಲ ನಿನ್ ರಾಜ್ಕುಮಾರಿ ಹೆಸ್ರು ಬೇಡ ಕಣ್ಲಾ ತಿಪ್ಪ. ತಿಪ್ಪೆಗೆ ಹಾಕಿ ಎತ್ತಿಸ್ಬೇಕು. ನೀನು ಉಳ್ದಿದ್ದು ಅಂಗೇಯ."

"ಉಳಿದು ಏನ್ ಸುಖ ಕಂಡೆ? ನನ್ ಮಗಳನ್ನ ಯಾರೂ ತಿಪ್ಪಮ್ಮ ಅನ್ನಕೂಡ್ದು. ಮಾಟ ಇಲ್ಲ ಮಂತ್ರ ಇಲ್ಲ, ಎಲ್ಲಾ ಸುಳ್ಳು" ಎಂದು ನಾನು ಗೋಡೆ ಅದುರುವ ಹಾಗೆ ಗರ್ಜಿಸಿದೆ. ಉತ್ತರನ ಪೌರುಷ ಒಲೆ ಮುಂದೆ. ಆಗ ನನ್ನ ಜಟಕಾದ ಸೀಟಿನ ಕೆಳಗೆ ಮೆಣಸಿನಕಾಯಿ ಪೋಣಿಸಿದ ನಿಂಬೆಹಣ್ಣು ಒಣಗುತ್ತ ಬಿದ್ದಿತ್ತು.

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಭಾಗ್ಯಮ್ಮ ತಿರುಗದೆಯೇ ಅಂದಳು: "ಏನಾದ್ರೂ ಹೆಸ್ರಿಡಿ. ಕಲ್ಲು ಅನ್ನಿ, ಮಣ್ಣು ಅನ್ನಿ. ನಂಗೆ ಈ ಕೂಸು ಬೇಕು." ಟವಲು ಹೆಗಲಿಗೆ ಹಾಕಿಕೊಂಡು ಬೈರಣ್ಣನನ್ನು ಕರೆತರಲು ಹೊರಟೆ.

ಕೂಸನ್ನು ತಿಪ್ಪೆಗಿಡುವ ಹಿಂದಿನ ದಿನ ಸಂಜೆಯೇ ಬೈರಣ್ಣ ಬಂದ. ದೆವ್ವಗಳಿಗೆ ಕೋಳಿ ಆಗಬೇಕು ಎಂದ. ಕೊಯ್ದೆವು. ಅದು ಯಾವ ದೆವ್ವದ ಹೊಟ್ಟೆಗೂ ಹೋಗಲಿಲ್ಲ, ಮುದ್ದೆಯ ಜೊತೆ ಪೂರಾ ಬೈರಣ್ಣನ ಹೊಟ್ಟೆಗೇ ಹೋಯಿತು. ಕೂಸನ್ನು ಎತ್ತಲು ಕೆಳಗಿನ ಬೀದಿಯ ಮುನಿತಾಯಮ್ಮನನ್ನು ಒಪ್ಪಿಸಿದ್ದೆವು. ಅವಳ ಮಕ್ಕಳೆಲ್ಲ ಗುಂಡುಕಲ್ಲಿನ ಹಾಗಿದ್ದರು, ಒಂದಕ್ಕಾದರೂ ನೆಗಡಿ ಆದದ್ದನ್ನು ಊರು ಕಂಡಿರಲಿಲ್ಲ. ನಸುಕಿನಲ್ಲೇ ಕೆಲಸ ಮುಗಿಯಬೇಕು, ಕೂಸನ್ನಿಟ್ಟ ಮೇಲೆ ಹೆತ್ತವರು ತಿರುಗಿ ನೋಡಬಾರದು, ನಿಜವಾಗಿ ಎಸೆದ ಹಾಗೇ ಇರಬೇಕು ಎಂದು ಬೈರಣ್ಣ ಅಪ್ಪಣೆ ಮಾಡಿದ.

ಬೆಳಕು ಹರಿಯುವ ಹೊತ್ತಿಗೆ ಭಾಗ್ಯಮ್ಮ ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟಳು. ಕೈ ಬಿಡಲು ಅವಳಿಗೆ ಆಗಲೇ ಇಲ್ಲ, ಅವ್ವ ಹಿಡಿದೆಳೆದುಕೊಂಡು ಹೋದಳು. ಇಬ್ಬರೂ ಲಾಯದ ಹಿಂದೆ ಗೋಡೆಗೆ ಮುಖ ಮಾಡಿ ನಿಂತರು. ಬೈರಣ್ಣ ನಮ್ಮ ಜಗಲಿಯ ಮೇಲೆ ಕಣ್ಣು ಮುಚ್ಚಿ ಕೂತ. ಅದು ಧ್ಯಾನವೋ ಕೋಳಿಯ ನಿದ್ದೆಯೋ ಗೊತ್ತಿಲ್ಲ. ನನಗೆ ವಹಿಸಿದ್ದು ಬೀದಿ ತಿರುವಿನ ಕಾವಲು. ಮುನಿತಾಯಮ್ಮ ಬರುವ ದಾರಿಗೆ ಅಪಶಕುನ ಯಾವುದೂ ಅಡ್ಡ ಬಾರದ ಹಾಗೆ ನೋಡಿಕೊಳ್ಳಬೇಕು.

ನೋಡಿಕೊಂಡೆ. ಎಷ್ಟು ಚೆನ್ನಾಗಿ ನೋಡಿಕೊಂಡೆ ಎಂದರೆ, ಚರಂಡಿಯ ಪಕ್ಕ ತನ್ನ ಪಾಡಿಗೆ ತಾನು ಮಲಗಿದ್ದ ಕರೀ ಬೆಕ್ಕೊಂದನ್ನು ಕಂಡು, ಎಲ್ಲಿ ಎದ್ದು ಅಡ್ಡ ಬರುತ್ತದೋ ಎಂದು ಕಲ್ಲು ಬೀರಿದೆ. ಅದು ಚಂಗನೆ ಎದ್ದು, ಆಗ ತಾನೇ ತಿರುವಿನಲ್ಲಿ ಕಾಣಿಸಿಕೊಂಡ ಮುನಿತಾಯಮ್ಮನ ಕಾಲಿನ ಮುಂದೆಯೇ ಅಡ್ಡ ಹಾದು ಓಡಿಹೋಯಿತು.

"ಲೇ ತಿಪ್ಪಾ, ಏನ್ಲಾ ಮಾಡ್ದೆ!" ಎಂದು ಅವಳು ಅಲ್ಲೇ ನಿಂತುಬಿಟ್ಟಳು.

"ಅಕ್ಕ, ಅದು ಲೆಕ್ಕಕ್ಕಿಲ್ಲ, ನಾನೇ ಓಡ್ಸಿದ್ದು! ಬಾರಕ್ಕ, ನಿನ್ ಕಾಲಿಗೆ ಬೀಳ್ತೀನಿ."

"ಓಡ್ಸಿದ್ರೇನು, ತಾನೇ ಓಡಿದ್ರೇನು? ಅಡ್ಡ ಬಂತಾ ಇಲ್ವಾ? ಮಗೀನ್ ಕೆಲ್ಸ ಇದು. ಮನೆಗೋಗಿ ವಸಿ ಕೂತು, ನೀರು ಕುಡ್ದು, ಮತ್ತೆ ಬತ್ತೀನಿ." ಅವಳು ಹಿಂದಿರುಗಿಯೇ ಬಿಟ್ಟಳು. ನಾನು ಅವಳ ಹಿಂದೆ ಕೈ ಮುಗಿಯುತ್ತ ಓಡಿದೆ. ಹಾಳು ಬುದ್ಧಿ, ಕಾವಲು ಬಿಟ್ಟು ಓಡಿದೆ.

ಅಷ್ಟರಲ್ಲಿ ಹಿತ್ತಲಿನಿಂದ ಕಿರುಚಾಟ ಕೇಳಿಸಿತು. ಅವ್ವನ ದನಿ. ಎದ್ದೆನೋ ಬಿದ್ದೆನೋ ಎಂದು ವಾಪಸು ಓಡಿದೆ.

ತಿಪ್ಪೆಯ ಪಕ್ಕ ಹಬೀಬುನ್ನೀಸಾ ನಿಂತಿದ್ದಳು. ಕುದುರೆ ಲದ್ದಿಯ ಪುಟ್ಟಿ ಅವಳ ಕಾಲ ಬಳಿ ಬೋರಲು ಬಿದ್ದಿತ್ತು. ತಲೆಯ ಮೇಲಿನ ಸೆರಗನ್ನು ಎಳೆದು ನನ್ನ ಮಗಳನ್ನು ಸುತ್ತಿ ಎದೆಗೊತ್ತಿಕೊಂಡಿದ್ದಳು. ಬೀದಿ ನಾಯಿಯೊಂದು ಬಾಲ ಮುದುರಿಕೊಂಡು ಬೇಲಿ ನುಸುಳುತ್ತಿತ್ತು. ದಿನಾ ಲದ್ದಿ ಹಾಕಲು ಅವಳು ಬರುವುದೇ ಆ ಹೊತ್ತಿಗೆ. ಬೆಳಗಾಗೆದ್ದು ಯಾರೂ ತನ್ನ ಮುಖ ನೋಡಿ ಶಪಿಸಬಾರದು ಎಂದು, ಊರು ಏಳುವ ಮೊದಲೇ ಹೊರಗಿನ ಕೆಲಸ ಮುಗಿಸಿ ಒಳಗೆ ಸೇರಿಕೊಳ್ಳುತ್ತಿದ್ದಳು. ಬೆಕ್ಕು, ದೆವ್ವ, ಯಮ ಎಲ್ಲರ ಲೆಕ್ಕವನ್ನೂ ಹಾಕಿದ್ದ ನಾನು, ಪಕ್ಕದ ಮನೆಯವಳು ದಿನಾ ಬರುತ್ತಾಳೆ ಎಂಬುದನ್ನು ಮರೆತಿದ್ದೆ.

"ಅಯ್ಯಯ್ಯೋ, ಮುಟ್ಬಿಟ್ಳಲ್ಲಪ್ಪೋ! ಆ ಮಾಟಗಾತಿ ಕೈಗೆ ಕೂಸು ಸಿಕ್ಬಿಡ್ತಲ್ಲಪ್ಪೋ!" ಎಂದು ಅವ್ವ ಎದೆ ಎದೆ ಬಡಿದುಕೊಳ್ಳುತ್ತಿದ್ದಳು.

ಹಬೀಬುನ್ನೀಸಾ ಅವ್ವನ ಕಡೆ ತಿರುಗಿದಳು. "ನಾಯಿ ಇತ್ತು ಅಮ್ಮಾ. ನಾಯಿ ಮೊರದಾಗೆ ಮೂತಿ ಇಟ್ಟಿತ್ತು. ನಾನು ಯಾರ ಮಗು ಅಂತಾನೂ ನೋಡ್ಲಿಲ್ಲ. ತಗೊಳ್ಳಿ... ತಗೊಳ್ಳಿ." ಕೂಸನ್ನು ಮುಂದೆ ಚಾಚಿದಳು. ಅವ್ವ ಎರಡು ಹೆಜ್ಜೆ ಹಿಂದಕ್ಕೆ ಹೋದಳು. ಭಾಗ್ಯಮ್ಮ ಗೋಡೆ ಹಿಡಿದು ನಿಂತವಳು ನಿಂತೇ ಇದ್ದಳು. ನಾನಾದರೂ ಹೋಗಿ ಇಸಿದುಕೊಳ್ಳಬಹುದಿತ್ತು. ಮಾಟ ಇಲ್ಲ ಮಂತ್ರ ಇಲ್ಲ ಎಂದು ಮನೆಯಲ್ಲಿ ಗರ್ಜಿಸಿದ ಗಂಡಸು ನಾನೇ ತಾನೆ? ನಾನು ಬೈರಣ್ಣ ಕೂತಿದ್ದ ಜಗಲಿಯ ಕಡೆ ಕತ್ತು ತಿರುಗಿಸಿದೆ.

ನಜೀಬುಲ್ಲಾ ನೀರಿನ ಬಕೆಟ್ಟು ಹಿಡಿದು ಲಾಯದಿಂದ ಹೊರಗೆ ಬಂದ. ಅವ್ವನ ಕಡೆ ನೋಡಲಿಲ್ಲ. ನೇರವಾಗಿ ನನ್ನನ್ನೇ ನೋಡಿದ.

"ಯಾರನ್ನ ಮಾಟಗಾತಿ ಅಂದಿದ್ದು ತಿಪ್ಪಯ್ಯಾ?"

ನನ್ನ ಲೀಲಾವತಿಗೆ ಗುಂಡಿ ತೋಡಿದ ಕೈ ಆ ಬಕೆಟ್ಟಿನ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು. ಅವನು ಅದನ್ನೆತ್ತಿ ನನ್ನ ತಲೆಗೆ ಬಡಿದಿದ್ದರೂ ನಾನು ಸುಮ್ಮನಿರುತ್ತಿದ್ದೆ.

ದೂರದಲ್ಲಿ ಬೆಂಗಳೂರು ಕಡೆಯಿಂದ ಬೆಳಗಿನ ರೈಲು ಕೂಗಿತು. ಜಗಲಿಯ ಮೇಲಿದ್ದ ಬೈರಣ್ಣ ಕಣ್ಣು ಬಿಟ್ಟ. ಆ ರೈಲು ತಪ್ಪಿದರೆ ಅವನು ಮಾಕಳಿದುರ್ಗಕ್ಕೆ ಹೋಗಲು ಸಂಜೆಯ ತನಕ ಕಾಯಬೇಕು. ದಡಬಡ ಹಿತ್ತಲಿಗೆ ಬಂದು, ನಡೆದದ್ದನ್ನು ಒಂದೇ ನೋಟದಲ್ಲಿ ಅಳೆದು, ಕೈ ಎತ್ತಿದ.

"ಕೇಳ್ರಪ್ಪ. ತಿಪ್ಪೆ ಮ್ಯಾಗಳ ಕೂಸು ಮೊದ್ಲು ಎತ್ತಿದೋರ್ದು. ಮತ್ತೆ ಇಟ್ಟು ಮತ್ತೆ ಎತ್ಸಿದ್ರೆ ಎರಡು ಕಿತ ಎಸ್ದಂಗಾಯ್ತದೆ. ಎರಡು ಕಿತ ಎಸ್ದ ಕೂಸು ನಿಲ್ಲಲ್ಲ. ತೌಡು ಇಸ್ಕೊಳ್ಳಿ, ಹೆಸ್ರು ಇಡಿಸ್ಕೊಳ್ಳಿ. ತಿಪ್ಪಯ್ಯ, ಗಾಡಿ ಕಟ್ಟು."

ಅದು ಯಾವ ಶಾಸ್ತ್ರದಲ್ಲಿದೆಯೋ ಬೈರಣ್ಣನಿಗೇ ಗೊತ್ತು. ರೈಲು ಅರ್ಧ ಗಂಟೆ ತಡವಾಗಿದ್ದರೆ ಬೇರೆ ಶಾಸ್ತ್ರ ಹೇಳುತ್ತಿದ್ದನೋ ಏನೋ. ಅವ್ವ ಬಾಯಿ ತೆರೆಯುವಷ್ಟರಲ್ಲಿ ಭಾಗ್ಯಮ್ಮ ಗೋಡೆ ಬಿಟ್ಟು ಮುಂದೆ ಬಂದಳು. ಹಸೀ ಬಾಣಂತಿ, ನಡಿಗೆ ತೂರಾಡುತ್ತಿತ್ತು.

"ಅಕ್ಕ, ತೌಡು ತನ್ನಿ," ಎಂದಳು.

ಹಬೀಬುನ್ನೀಸಾಳಿಗೆ ಏನೂ ಅರ್ಥವಾಗಲಿಲ್ಲ. ನಜೀಬುಲ್ಲಾ ಬಕೆಟ್ಟು ಕೆಳಗಿಟ್ಟು ಅವರ ಮಾತಿನಲ್ಲಿ ವಿವರಿಸಿದ. ಕೇಳುತ್ತ ಕೇಳುತ್ತ ಅವಳ ಕಣ್ಣು ದೊಡ್ಡದಾಯಿತು. ಕೂಸನ್ನು ಕೆಳಗಿಳಿಸಲಿಲ್ಲ. ಒಂದೇ ಕೈಯಲ್ಲಿ ನಮ್ಮ ಮೊರ ಎತ್ತಿಕೊಂಡು ಲಾಯಕ್ಕೆ ಹೋಗಿ, ತಮ್ಮ ಕುದುರೆಯ ಮೇವಿನ ಮೂಟೆಯಿಂದ ತೌಡು ತುಂಬಿ, ಚೆಲ್ಲಿಕೊಂಡೇ ಬಂದಳು. ಭಾಗ್ಯಮ್ಮ ಸೆರಗೊಡ್ಡಿ ಇಸಿದುಕೊಂಡಳು. ತೌಡಿನ ಧೂಳಿಗೆ ಕೂಸು ಸೀನಿತು.

"ಈಗ ಕೂಸು ನಿಮ್ದು ಅಕ್ಕ. ಹೆಸ್ರೂ ನೀವೇ ಇಡ್ಬೇಕು. ಕೆಟ್ಟ ಹೆಸ್ರು, ಯಮ ಕೇಳಿದ್ರೆ ಮುಖ ತಿರುಗಿಸ್ಕೊಂಡು ಹೋಗ್ಬೇಕು. ಅಂಥಾದ್ದು."

"ತಿಪ್ಪಮ್ಮ ಅನ್ನಿ, ಕಸಮ್ಮ ಅನ್ನಿ, ಏನೋ ಒಂದು ಅನ್ನಿ, ರೈಲು ಬಂತು" ಎಂದ ಬೈರಣ್ಣ ಚಪ್ಪಲಿ ಹುಡುಕುತ್ತ.

ಹಬೀಬುನ್ನೀಸಾ ಕೂಸಿನ ಮುಖ ನೋಡಿದಳು. ಅಷ್ಟು ಹತ್ತಿರದಿಂದ ಒಂದು ಕೂಸಿನ ಮುಖವನ್ನು ನೋಡಲು ನಮ್ಮ ಬೀದಿಯಲ್ಲಿ ಯಾರೂ ಅವಳಿಗೆ ಬಿಟ್ಟಿರಲಿಲ್ಲ. ಸುಮಾರು ಹೊತ್ತು ನೋಡಿದಳು.

"ಈ ಮುಖಕ್ಕೆ ಕಸ ಅಂತ ಹೆಂಗೆ ಅನ್ಲಿ?" ಎಂದಳು. ಆಮೇಲೆ ನಿಧಾನವಾಗಿ, "ಕೆಟ್ಟ ಹೆಸ್ರೇ ಬೇಕು ಅಂದ್ರೆ ನಂದೇ ಇಡು ಭಾಗ್ಯಾ. ಬೆಳಿಗ್ಗೆ ಎದ್ದು ಈ ಬೀದೀಲಿ ಯಾರೂ ನನ್ ಹೆಸ್ರು ಬಾಯಲ್ಲಿ ಹೇಳಲ್ಲ. ನಿಮ್ ಯಮಾನೂ ಹೇಳಲ್ಲ" ಎಂದಳು.

ಸಿಟ್ಟಿನಿಂದ ಹೇಳಲಿಲ್ಲ, ನಮ್ಮನ್ನು ಚುಚ್ಚಲೂ ಹೇಳಲಿಲ್ಲ. ಸಾರಿಗೆ ಉಪ್ಪಿಲ್ಲ ಎಂದವರಿಗೆ ತನ್ನ ಮನೆಯ ಉಪ್ಪು ಕೊಡುವ ಹಾಗೆ ಹೇಳಿದಳು. ನನಗೆ ನಾಚಿಕೆಯಿಂದ ಮೈ ಉರಿದುಹೋಯಿತು. ಹುಟ್ಟಿದಾಗಿನಿಂದ ಊರಿನಲ್ಲಿ ನನ್ನದೇ ಅತಿ ಕೆಟ್ಟ ಹೆಸರು ಎಂದುಕೊಂಡು, ಅದನ್ನೇ ಹೇಳಿ ಹೇಳಿ ಎಲ್ಲರನ್ನೂ ನಗಿಸಿಕೊಂಡು ಬಂದಿದ್ದೆ. ನಜೀಬುಲ್ಲಾ ಲಾಯದ ಬಾಗಿಲಿಗೆ ಹೋಗಿ ತನ್ನ ಕುದುರೆಯ ಕುತ್ತಿಗೆಗೆ ಮುಖ ಒತ್ತಿ ನಿಂತ. ಅವನ ಹೆಗಲು ಕುಲುಕುತ್ತಿತ್ತು.

"ಅದೇ ಇರ್ಲಿ," ಎಂದಳು ಭಾಗ್ಯಮ್ಮ.

ಅವ್ವ ಗೋಡೆಯ ಬುಡದಲ್ಲಿ ಕುಸಿದು ಕೂತಳು. ಹಬೀಬುನ್ನೀಸಾ ಕೂಸಿನ ಕಿವಿಯಲ್ಲಿ ತನ್ನ ಹೆಸರನ್ನು ಹೇಳಿ, ನಾವು ಹೇಳಿಕೊಟ್ಟ ಮಾತನ್ನು ತೊದಲುತ್ತ ಒಪ್ಪಿಸಿದಳು: "ನನ್ ಕೂಸನ್ನ ನೀನು ಸಾಕಿಕೊಡು." ಹಾಗೆಂದವಳು ಭಾಗ್ಯಮ್ಮನ ಮಡಿಲಿಗೆ ಹಾಕಿ, ಲದ್ದಿ ಪುಟ್ಟಿಯನ್ನೂ ಮರೆತು ಒಳಗೆ ಓಡಿದಳು. ಆ ಹೊತ್ತಿಗೆ ನೀರು ಕುಡಿದು, ಶಕುನ ಸರಿ ಮಾಡಿಕೊಂಡು ಮುನಿತಾಯಮ್ಮ ಬಂದಳು. ಅವಳಿಗೆ ಕಾಫಿ ಕೊಟ್ಟು ಕಳಿಸಿದೆವು. ಬೈರಣ್ಣನ ರೈಲು ತಪ್ಪಿತು. ಮನ್ಮಥ ಅರ್ಧ ದಾರಿಯಲ್ಲಿ ನಿಂತುಬಿಟ್ಟಿತ್ತು.

ಅವತ್ತು ಸ್ಟ್ಯಾಂಡಿನಲ್ಲಿ ನಜೀಬುಲ್ಲಾ ನನ್ನ ಪಕ್ಕಕ್ಕೆ ಗಾಡಿ ತಂದು ನಿಲ್ಲಿಸುತ್ತಾನೋ ಇಲ್ಲವೋ ಎಂದು ನಾನು ತಿರುತಿರುಗಿ ದಾರಿ ನೋಡುತ್ತಿದ್ದೆ. ತಂದು ನಿಲ್ಲಿಸಿದ. ಬೀಡಿ ಕೊಟ್ಟ. ತಾನೂ ಒಂದು ಹಚ್ಚಿಕೊಂಡು, "ಹಬೀಬ ಅಂದ್ರೆ ನಮ್ಮಲ್ಲಿ ಭಾರೀ ಮುದ್ದಿನ ಹೆಸ್ರು ಕಣೋ. ನಿನ್ ಯಮಂಗೆ ಉರ್ದು ಬರ್ದೇ ಇರ್ಲಿ ಅಂತ ಬೇಡ್ಕೋ" ಎಂದ. ಇಬ್ಬರೂ ನಗಲು ಹೋದೆವು. ನಗು ಸರಿಯಾಗಿ ಬರಲಿಲ್ಲ, ಆದರೂ ಸಾಕಾಯಿತು.

ಹುಡುಗಿಗೆ ಈಗ ಐದು ತುಂಬಿದೆ. ಸ್ವಾತಂತ್ರ್ಯ ಬಂದ ವರ್ಷ ನನ್ನ ಹೆಗಲ ಮೇಲೆ ಕೂತು ಮೆರವಣಿಗೆ ನೋಡಿದಳು. ಅಪ್ಪ ತಿಪ್ಪಯ್ಯ, ಮಗಳು ಹಬೀಬಮ್ಮ, ಇದು ಯಾವ ಜಾತಿಯಪ್ಪ ಎಂದು ಹೊಸಬರು ತಲೆ ಕೆರೆದುಕೊಳ್ಳುತ್ತಾರೆ. ಕುದುರೆ ಜಾತಿ ಎನ್ನುತ್ತೇನೆ. ಆದರೆ ಅವಳು ಉಳಿದದ್ದು ಸುಲಭವಾಗಿ ಏನಲ್ಲ, ಅದೊಂದನ್ನು ಹೇಳಿ ಮುಗಿಸುತ್ತೇನೆ.

ಹೆಸರಿಟ್ಟ ಮೇಲೂ ಅವ್ವ ಆ ಹೆಸರನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಕೂಸೇ ಎನ್ನುವಳು, ಪಾಪ ಎನ್ನುವಳು. ಹಬೀಬುನ್ನೀಸಾಳೂ ಬುದ್ಧಿವಂತೆ, ನಮ್ಮ ಹೊಸ್ತಿಲು ತುಳಿಯಲಿಲ್ಲ. ಭಾಗ್ಯಮ್ಮ ಕೂಸನ್ನು ಹಿತ್ತಲಿಗೆ ತಂದಾಗ ಬೇಲಿಯಾಚೆಯಿಂದ ನೋಡುವಳು ಅಷ್ಟೆ. ಹಲ್ಲು ಬರುವ ಕಾಲಕ್ಕೆ ಕೂಸಿಗೆ ಜ್ವರ ಬಂತು, ಜೊತೆಗೆ ಭೇದಿ. ಆಸ್ಪತ್ರೆಯ ಔಷಧಿ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಕಣ್ಣು ಗುಳಿ ಬಿದ್ದವು, ಲೀಲಾವತಿಗೆ ಬಿದ್ದಿದ್ದ ಹಾಗೇ. ಭಾಗ್ಯಮ್ಮ ರೆಪ್ಪೆ ಮುಚ್ಚದೆ ಕೂತು ಕೂತು, ಕೊನೆಗೆ ಮಧ್ಯಾಹ್ನ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಗೋಡೆ ನೋಡತೊಡಗಿದಳು.

ನಾನು ಗಂಡಸು, ಏನಾದರೂ ಮಾಡಬೇಕಲ್ಲ. ಬೈರಣ್ಣನನ್ನು ಕರೆತರುತ್ತೇನೆ ಎಂದು ಮನ್ಮಥನನ್ನು ಗಾಡಿಗೆ ಕಟ್ಟಲು ಹೋದೆ. ಗಾಡಿಯ ಮೂಕಿಗಳ ನಡುವೆ ಹಿಂದೆ ಸರಿಯಲು ಅದು ಒಪ್ಪಲಿಲ್ಲ. ಬೈದೆ, ಬೇಡಿದೆ, ಕೊನೆಗೆ ಮೂಕಿಯ ಕೆಳಗೆ ಕೂತು ಅತ್ತುಬಿಟ್ಟೆ. ಅಲ್ಲಿ ಕೂತೇ ನೋಡಿದ್ದು: ಅವ್ವ ನಮ್ಮ ಮನೆಯಿಂದ ಹೊರಗೆ ಬಂದಳು. ಹಿತ್ತಲು ದಾಟಿದಳು. ಹುಟ್ಟಿದಾರಭ್ಯ ಕಾಲಿಡದಿದ್ದ ನಜೀಬುಲ್ಲಾನ ಮನೆಯ ಬಾಗಿಲ ಮುಂದೆ ನಿಂತು, ಬೀದಿಗೆಲ್ಲ ಕೇಳಿಸುವ ಹಾಗೆ ಕೂಗಿದಳು.

"ಹಬೀಬುನ್ನೀಸಾ! ಏ ಹಬೀಬುನ್ನೀಸಾ! ಎಲ್ಲಿದ್ದೀಯೆ? ನಿನ್ ಕೂಸಿಗೆ ಮೈ ಸುಡ್ತಾ ಐತೆ, ನೀನು ಒಳಗೆ ಕೂತಿದ್ದೀಯಲ್ಲ!"

ಹಬೀಬುನ್ನೀಸಾ ಕೈ ಒರೆಸಿಕೊಳ್ಳುತ್ತ ಓಡಿಬಂದಳು. ಹೊಸ್ತಿಲಲ್ಲಿ ಅವ್ವನನ್ನು ಕಂಡು ಗಕ್ಕನೆ ನಿಂತಳು.

"ನಾನು... ನಾನು ಮುಟ್ಬೋದಾ ಅಮ್ಮಾ?"

"ನೀನು ಕೊಂಡ್ಕೊಂಡಿರೋ ಕೂಸನ್ನ ಮುಟ್ಟಕ್ಕೆ ನನ್ನೇನ್ ಕೇಳ್ತೀಯೆ? ನಡಿ, ಬಂದು ಎತ್ಕೋ. ನಮ್ ಕೈಯಾಗೆ ನಿಲ್ತಾ ಇಲ್ಲ ಕಣವ್ವ, ನಿನ್ ಕೈಯಾಗಾದ್ರೂ ನಿಲ್ತದೇನೋ ನೋಡು" ಎಂದಳು ಅವ್ವ, ಅಳುತ್ತ, ಅವಳ ಮೊಣಕೈ ಹಿಡಿದು ಎಳೆದುಕೊಂಡು.

ಇಬ್ಬರೂ ಒಟ್ಟಿಗೆ ನಮ್ಮ ಬಾಗಿಲಿನೊಳಗೆ ಹೋದರು. ನಾನು ಕಣ್ಣೊರೆಸಿಕೊಂಡು ಎದ್ದು, ಮನ್ಮಥನ ಲಗಾಮು ಬಿಚ್ಚಿದೆ.